ಕಾರ್ಡಿನಲ್ಲಿಲ್ಲದ ಕೆನ್ನೆ

ಅತ್ಬರಾ ಎಂಬ ರೈಲ್ವೆ ಊರಿನ ಆಸ್ಪತ್ರೆಯೊಂದರ ಹಲ್ಲಿನ ವಿಭಾಗದಲ್ಲಿ ಪ್ರತಿ ರೋಗಿಗೂ ಒಂದು ಕಾರ್ಡು ಮಾಡುತ್ತಿದ್ದರು. ಕಾರ್ಡಿನ ಮೇಲೆ ಮೂವತ್ತೆರಡು ಹಲ್ಲುಗಳ ಚಿತ್ರ. ಮೇಲೆ ಹದಿನಾರು, ಕೆಳಗೆ ಹದಿನಾರು, ಗೂಡ್ಸ್ ಗಾಡಿಯ ಡಬ್ಬಿಗಳ ಹಾಗೆ ನಂಬರು ಹಚ್ಚಿಕೊಂಡು ನಿಂತಿದ್ದವು. ಸುತ್ತಮುತ್ತ ಇನ್ನೇನೂ ಇರಲಿಲ್ಲ. ನಾಲಗೆ ಇಲ್ಲ, ತುಟಿ ಇಲ್ಲ, ಕೆನ್ನೆ ಇಲ್ಲ. ಅದನ್ನು ಅಚ್ಚು ಹಾಕಿಸಿದ ಮಹಾಶಯನ ಪ್ರಕಾರ ಮನುಷ್ಯರ ಹಲ್ಲುಗಳು ಗಾಳಿಯಲ್ಲಿ ತೇಲಾಡುತ್ತಿದ್ದವೆಂದು ಕಾಣುತ್ತದೆ.

ಬತೂಲ್ ಇದ್ರೀಸ್ ಮೂವತ್ತೊಂದು ವರ್ಷ ಆ ಕಾರ್ಡುಗಳ ಮೇಲೆ ಕೆಂಪು ಪೆನ್ಸಿಲಿನಿಂದ ಕೆನ್ನೆ ಬರೆದಳು. ಅವಳ ಕೆಲಸ ಹಲ್ಲು ಶುಚಿ ಮಾಡುವುದು: ಕಿಟ್ಟ ಕೆರೆಯುವುದು, ಪಾಚಿ ತೆಗೆಯುವುದು, ಹೊಳಪು ಕೊಡುವುದು. ಕೆರೆಯುವಾಗ ಪಕ್ಕದಲ್ಲಿ ಏನಾದರೂ ಕಂಡರೆ ಹಲ್ಲಿನ ಸಾಲಿನ ಆಚೆಗೊಂದು ಗೆರೆ ಎಳೆದು ಕೆನ್ನೆ ಮಾಡಿ, ಅಲ್ಲೊಂದು ಗುರುತು ಹಾಕುವಳು. ಇದಕ್ಕಾಗಿ ಮೇಲಿನ ಕಚೇರಿಯಿಂದ ಅವಳಿಗೆ ಮೂರು ಪತ್ರಗಳು ಬಂದಿದ್ದವು. ಹಲ್ಲು ಶುಚಿ ಮಾಡುವವರು ಹಲ್ಲಿನ ಹೊರತು ಬೇರೇನನ್ನೂ ಗುರುತಿಸತಕ್ಕದ್ದಲ್ಲ, ರೋಗ ಹೇಳುವುದು ವೈದ್ಯರ ಅಧಿಕಾರ, ಎಂದು ಮೂರರ ಸಾರಾಂಶ. ಬತೂಲ್ ಅವನ್ನು ನಾಲ್ಕು ಮಡಿಕೆ ಮಾಡಿ ತನ್ನ ಸಲಕರಣೆ ಮೇಜಿನ ಗಿಡ್ಡ ಕಾಲಿನಡಿಗೆ ಇಟ್ಟಳು. ಮೂರನೆಯ ಪತ್ರ ಬಂದ ಮೇಲೆ ಮೇಜು ಅಲುಗುವುದು ನಿಂತಿತು. ಕಚೇರಿಯಿಂದ ತನಗೆ ಸಿಕ್ಕ ಒಂದೇ ಆಧಾರ ಅದು ಎಂದು ಅವಳು ಹೇಳುವುದಿತ್ತು.

ಆ ವಿಭಾಗದಲ್ಲಿ ಹನ್ನೊಂದು ಹುಡುಗಿಯರು ಹಲ್ಲು ಶುಚಿ ಮಾಡುವ ವಿದ್ಯೆ ಕಲಿಯುತ್ತಿದ್ದರು. ಭಾನುವಾರ ಅವರಿಗೆ ಡಾಕ್ಟರ್ ಬಾಬಿಕರ್ ರೋಗಶಾಸ್ತ್ರದ ಪಾಠ ಮಾಡುವರು. ಡಾಕ್ಟರಿಗೆ ಮೂವತ್ತನಾಲ್ಕು ವರ್ಷ. ಖಾರ್ತೂಮಿನಲ್ಲಿ ಓದಿ ಬಂದವರು, ಒಳ್ಳೆಯವರು, ಪುಸ್ತಕದ ಪುಟ ಸಮೇತ ಮಾತಾಡುವವರು. ಸೋಮವಾರ ಅದೇ ಪಾಠವನ್ನು ಕುರ್ಚಿಯ ಪಕ್ಕ ನಿಲ್ಲಿಸಿ ಕೈಯಲ್ಲಿ ಮಾಡಿಸುವುದು ಬತೂಲ್‌ಳ ಪಾಲು. ಅವಳ ರೋಗಶಾಸ್ತ್ರ ನಾಲ್ಕು ವಾಕ್ಯದಲ್ಲಿ ಮುಗಿಯುತ್ತಿತ್ತು. ಕೆಂಪು, ಊತ, ಬಿಸಿ, ನೋವು, ಇವು ನಾಲ್ಕೂ ರೈಲ್ವೆ ಕಾರ್ಮಿಕರ ಮೆರವಣಿಗೆಯ ಹಾಗೆ ಕೂಗಿಕೊಂಡು ಬರುತ್ತವೆ, ಅವುಗಳಿಗೆ ಹೆದರಬೇಡಿ. ಕೂಗದೆ ಮೂಲೆಯಲ್ಲಿ ಬೆಳ್ಳಗೆ ಕೂತಿರುವುದಕ್ಕೆ ಹೆದರಿ. ಬಟ್ಟೆಯಲ್ಲಿ ಒರೆಸಿ ನೋಡಿ, ಬಂದರೆ ಅದು ಹಾಲಿನ ಕೆನೆ. ಬರದಿದ್ದರೆ ಕೆಟ್ಟಿರುವುದು ಹಾಲಲ್ಲ, ಪಾತ್ರೆ.

ಆ ಊರಿನಲ್ಲಿ ಬೆಳ್ಳಗೆ ಕೂರುವುದಕ್ಕೆ ಕಾರಣ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಪುಡಿ ಮಾಡಿದ ಹೊಗೆಸೊಪ್ಪಿಗೆ ಅತ್ರೂನ್ ಎಂಬ ಸೋಡಾ ಉಪ್ಪು ಬೆರೆಸಿ ಮಾಡುವ ಒದ್ದೆ ಪುಡಿ ಅದು, ತುಂಬಾಕ್. ‘ತುಂಬ ಹಾಕು’ ಎಂಬ ಅಪ್ಪಣೆ ಹೆಸರಿನಲ್ಲೇ ಇದೆಯೇನೋ ಎಂದು ಕನ್ನಡದ ಕಿವಿಗೆ ಅನ್ನಿಸಬೇಕು, ಊರಿನ ಗಂಡಸರು ಹಾಗೇ ಹಾಕುತ್ತಿದ್ದರು. ಅಂಗೈಯಲ್ಲಿ ಉಂಡೆ ಕಟ್ಟಿ ಕೆಳತುಟಿಯ ಹಿಂದೆ ಇಟ್ಟುಕೊಂಡರೆ ತುಟಿ ಮುಂದೆ ಬಂದು ಮುಖಕ್ಕೆ ಒಂದು ಗತ್ತು. ಡಾಕ್ಟರ್ ಬಾಬಿಕರ್ ಒಂದೇ ಬೆರಳಿನಲ್ಲಿ ಆ ತುಟಿಯನ್ನು ಕೆಳಗೆಳೆದು ಬಿಳಿ ಮಚ್ಚೆ ಹುಡುಕುವರು. ಮಚ್ಚೆ ಅಲ್ಲೇ ಇರುವುದು. ಪುಸ್ತಕದಲ್ಲಿಯೂ ಹಾಗೇ ಇತ್ತು.

ಹೆಂಗಸರು ತುಂಬಾಕ್ ಹಾಕುವುದಿಲ್ಲ. ಇದು ಪುಸ್ತಕದಲ್ಲಿ ಇರಲಿಲ್ಲ, ಊರಿಗೇ ಗೊತ್ತಿದ್ದ ಮಾತು. ಕಾರ್ಡಿನ ಕೆಳಗೆ ‘ತುಂಬಾಕ್’ ಎಂದೊಂದು ಸಾಲಿತ್ತು. ಹೆಂಗಸು ಕುರ್ಚಿಯಲ್ಲಿ ಕೂರುವ ಮೊದಲೇ ಗುಮಾಸ್ತ ಅಲ್ಲಿ ‘ಇಲ್ಲ’ ಎಂದು ಬರೆದಿಟ್ಟಿರುತ್ತಿದ್ದ. ಮಾನವಂತ ಹೆಂಗಸನ್ನು ಅದನ್ನು ಕೇಳುವುದೂ ಒಂದೇ, ನಿಮಗೆ ಇನ್ನೊಬ್ಬ ಗಂಡ ಇದ್ದಾನೆಯೇ ಎಂದು ಕೇಳುವುದೂ ಒಂದೇ.

ಬತೂಲ್‌ಗೆ ಮಾತ್ರ ಬೇರೆ ವಿಷಯ ಗೊತ್ತಿತ್ತು, ಯಾಕೆಂದರೆ ಅವಳು ತುಂಬಾಕಿನ ಮನೆಯಲ್ಲೇ ಹುಟ್ಟಿದ್ದಳು.

ಅವಳ ಅಪ್ಪ ರೈಲು ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದವನು, ಬೇಗ ತೀರಿಕೊಂಡ. ಅಮ್ಮ ಕಲ್ತೂಮಾ ಸಂತೆ ಬೀದಿಯಲ್ಲಿ ತುಂಬಾಕ್ ಮಾರಿ ಮಗಳನ್ನು ಸಾಕಿದಳು. ಗಂಡಸರು ಅಂಗಡಿಗೆ ಬಂದು ಒಯ್ಯುವರು. ಹೆಂಗಸರಿಗೆ ಗುರುವಾರ ಸಂಜೆ ಪೊಟ್ಟಣಗಳು ಹೋಗುವವು, ಹಳೆಯ ಪೇಪರಿನಲ್ಲಿ ಸುತ್ತಿ, ಪ್ರತಿ ಮನೆಯ ಹಿಂದಿನ ಹೆಂಗಸರ ಬಾಗಿಲಿಗೆ. ಒಯ್ಯುವವಳು ಹತ್ತು ವರ್ಷದ ಬತೂಲ್. ಒಟ್ಟು ಏಳು ಮನೆ. ಪ್ರತಿ ಮನೆಯಲ್ಲೂ ಪೊಟ್ಟಣಕ್ಕೆ ಒಂದು ನೆಪವಿತ್ತು: ಕಾವಲುಗಾರನಿಗೆ, ಊರಿಂದ ಬಂದ ಮಾವನಿಗೆ, ಗೆದ್ದಲಿಗೆ. ಏಳನೆಯ ಮನೆಯಲ್ಲಿ ಅದು ಆಡಿನ ಉಣ್ಣೆ ಹುಳಕ್ಕೆ. ಆ ಮನೆಯಲ್ಲಿ ಆಡು ಇರಲಿಲ್ಲ. ಆಡಿನ ಹಿಕ್ಕೆಯೂ ಇರಲಿಲ್ಲ. ಇದ್ದವರು ಹೆಣ್ಣುಮಕ್ಕಳ ಶಾಲೆಯ ಹೆಡ್‌ಮೇಡಂ, ಸಿತ್ ಅಲವಿಯಾ.

ಮೇಡಂಗಳಿಗೆ ಅಲ್ಲಿ ‘ಸಿತ್’ ಎನ್ನುತ್ತಾರೆ. ಸಿತ್ ಅಲವಿಯಾ ದಿನಾ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಹುಡುಗಿಯರ ಉಗುರು, ಹಲ್ಲು ನೋಡುವರು. ಒಂದು ಶನಿವಾರ ಬತೂಲ್‌ಳ ಮುಂದೆ ನಿಂತು ಮೂಗು ಏರಿಸಿದರು. ತುಂಬಾಕಿನ ವಾಸನೆ ಬರುತ್ತಿದೆ, ಹಿಂದೆ ಹೋಗಿ ನಿಲ್ಲು ಎಂದರು. ಎರಡು ದಿನದ ಹಿಂದೆ ಅದೇ ಕೈಯಿಂದ ಅದೇ ವಾಸನೆಯ ಪೊಟ್ಟಣ ಅವರ ಮನೆಗೆ ಹೋಗಿತ್ತು. ಬತೂಲ್ ಮೂರು ವರ್ಷ ಹಿಂದಿನ ಸಾಲಿನಲ್ಲಿ ನಿಂತಳು, ಹಿಂದಿನ ಬೆಂಚಿನಲ್ಲಿ ಕೂತಳು, ತುಟಿಪಿಟಕ್ಕೆನ್ನಲಿಲ್ಲ. ಹಿಂಬಾಗಿಲಲ್ಲಿ ಕಂಡದ್ದನ್ನು ಯಾರ ಹತ್ತಿರವೂ ಆಡಕೂಡದು ಎಂದು ಅಮ್ಮ ಆಣೆ ಹಾಕಿಸಿದ್ದಳು.

ಹೆಂಗಸರು ಅದನ್ನು ಎಲ್ಲಿಡುತ್ತಾರೆ ಎಂದು ತೋರಿಸಿದವಳೂ ಅಮ್ಮನೇ. ತುಟಿಯ ಹಿಂದೆ ಇಟ್ಟರೆ ತುಟಿ ಉಬ್ಬುತ್ತದೆ, ಗಂಡ ನೋಡುತ್ತಾನೆ, ಅತ್ತೆ ನೋಡುತ್ತಾಳೆ. ಅದಕ್ಕೇ ಮೇಲೆ, ಹಿಂದೆ, ಕೊನೆಯ ದವಡೆ ಹಲ್ಲಿಗೂ ಕೆನ್ನೆಗೂ ನಡುವಿನ ಸಂದಿಗೆ ಬೆರಳಿನಿಂದ ತಳ್ಳುವುದು. ಅಲ್ಲಿಟ್ಟರೆ ಉಬ್ಬುವುದಿಲ್ಲ, ಮಾತಿಗೆ ಅಡ್ಡ ಬರುವುದಿಲ್ಲ, ದೇವರನ್ನು ಬಿಟ್ಟರೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಕಲ್ತೂಮಾ ಐವತ್ತು ತುಂಬುವ ಮೊದಲೇ ‘ದವಡೆ ನೋವು’ ಎಂದು ಹಾಸಿಗೆ ಹಿಡಿದಳು. ಇದೇ ಆಸ್ಪತ್ರೆಯಲ್ಲಿ ಎರಡು ಹಲ್ಲು ಕಿತ್ತರು, ಆಮೇಲೆ ಇನ್ನೊಂದು ಕಿತ್ತರು. ಹಲ್ಲಿನಲ್ಲಿ ದೋಷ ಇರಲಿಲ್ಲ. ಕೊನೆಗೆ ಕೆನ್ನೆಯೇ ತೂತಾಯಿತು. ಅಷ್ಟರವರೆಗೂ ಒಬ್ಬರೂ ಆ ಸಂದಿಗೆ ಬೆರಳು ಹಾಕಿ ನೋಡಿರಲಿಲ್ಲ. ಕಾರ್ಡಿನ ಕೆಳಗೆ ‘ತುಂಬಾಕ್: ಇಲ್ಲ’ ಎಂದಿತ್ತು. ತುಂಬಾಕ್ ಮಾರುವವಳ ಕಾರ್ಡಿನಲ್ಲೂ! ಅಮ್ಮ ಸತ್ತಾಗ ಬತೂಲ್‌ಗೆ ಹತ್ತೊಂಬತ್ತು ವರ್ಷ, ಅಲ್ಲೇ ಸಲಕರಣೆ ಕುದಿಸುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಕೆಂಪು ಪೆನ್ಸಿಲನ್ನು ಅವಳು ಮುಂದಿನ ಸಂಬಳದಲ್ಲಿ ಕೊಂಡಳು.

ಮೂವತ್ತೊಂದು ವರ್ಷದ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ಗರಿಗರಿ ಬಿಳಿ ಥೋಬ್ ಉಟ್ಟ ಎಪ್ಪತ್ತೆರಡರ ಮುದುಕಿಯೊಬ್ಬರು ಬಂದು ಅವಳ ಕುರ್ಚಿಯಲ್ಲಿ ಕೂತರು. ಮೂರು ವಾರಕ್ಕೆ ಮೊಮ್ಮಗಳ ಮದುವೆ. ಬೀಗರ ಮುಂದೆ ನಕ್ಕಾಗ ಹಲ್ಲು ಹೊಳೆಯಬೇಕಂತೆ. ಹನ್ನೊಂದು ಹುಡುಗಿಯರು ಸುತ್ತ ನಿಂತಿದ್ದರು. ಮುದುಕಿ ಕನ್ನಡಕ ಸರಿಮಾಡಿಕೊಂಡು ಬತೂಲ್‌ಳನ್ನು ನೋಡಿದರು.

"ನೀನು ಹಿಂದಿನ ಸಾಲಿನವಳಲ್ವಾ?"

"ಹೌದು ಸಿತ್. ಈಗ ಮುಂದೆ ಬಂದಿದ್ದೀನಿ. ಬಾಯಿ ಬಿಡಿ."

ಸಿತ್ ಅಲವಿಯಾ ಬಾಯಿ ಬಿಟ್ಟರು. ಆದರೆ ಬಾಯಿಬಿಡಲಿಲ್ಲ. ಕೆಳಗಿನ ಹದಿನಾಲ್ಕು ಹಲ್ಲು ಶುಚಿಯಾಗುವವರೆಗೆ ಎಲ್ಲವೂ ಸರಿಯಾಗಿತ್ತು. ಮೇಲಿನ ಸಾಲಿಗೆ ಬಂದು ಬಲಗಡೆ ಕೊನೆಗೆ ಬೆರಳು ಹಾಕಿದಾಗ ಬತೂಲ್‌ಳ ಕೈ ನಿಂತಿತು. ಕನ್ನಡಿ ಹಿಡಿದು ನೋಡಿದಳು. ಬಿಳಿ ಮಚ್ಚೆ, ನಡುವೆ ಕೆಂಪು ಚುಕ್ಕೆಗಳು. ಬಟ್ಟೆಯಲ್ಲಿ ಒರೆಸಿದಳು, ಬರಲಿಲ್ಲ. ಅಂಚನ್ನು ಮುಟ್ಟಿದರೆ ಖರ್ಜೂರದ ಬೀಜದ ಹಾಗೆ ಗಟ್ಟಿ. ನೋವಿದೆಯಾ ಎಂದು ಕೇಳಿದಳು. ಏನೂ ಇಲ್ಲ ಎಂದು ಸಿತ್ ತಲೆಯಾಡಿಸಿದರು. ಬತೂಲ್‌ಗೆ ಬೇಡವಾಗಿದ್ದ ಉತ್ತರ ಅದೇ.

ಡಾಕ್ಟರ್ ಬಾಬಿಕರ್‌ರನ್ನು ಕರೆಸಿದಳು. ಅವರು ಮೊದಲು ಕಾರ್ಡು ನೋಡಿದರು, ಆಮೇಲೆ ಕೆಳತುಟಿ ಎಳೆದು ನೋಡಿದರು, ಕೊನೆಗೆ ಬತೂಲ್ ತೋರಿಸಿದ ಕಡೆ ನೋಡಿದರು. ಹಲ್ಲು ಚೂಪಾಗಿ ಕೆನ್ನೆಗೆ ಉಜ್ಜುತ್ತಿದೆ, ಸಮ ಮಾಡಿ, ಆರು ತಿಂಗಳು ಬಿಟ್ಟು ಬರಲಿ ಎಂದರು. ಹಲ್ಲು ನುಣ್ಣಗಿದೆ ಎಂದಳು ಬತೂಲ್. ಒಂದು ಚೂರು ತೆಗೆದು ಖಾರ್ತೂಮಿನ ಲ್ಯಾಬಿಗೆ ಕಳಿಸಿ ಎಂದಳು. ಆ ಚೀಟಿಗೆ ಡಾಕ್ಟರ ಸಹಿಯೇ ಬೇಕು.

"ಖಾಲಾ ಬತೂಲ್," ಡಾಕ್ಟರು ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು ದನಿ ತಗ್ಗಿಸಿದರು, "ನಿಮ್ಮ ಕೆಲಸ ಹಲ್ಲು. ಇವರು ನನ್ನ ಅಮ್ಮನಿಗೆ ಪಾಠ ಹೇಳಿದವರು. ಕಾರಣ ಇಲ್ದೆ ಇವರ ಕೆನ್ನೆ ಕತ್ತರಿಸು ಅಂತೀರಾ?"

ಕಾರಣ ಬತೂಲ್‌ಳ ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ನಲವತ್ತು ವರ್ಷದ ಆಣೆ ಮುರಿಯುತ್ತದೆ, ಹನ್ನೊಂದು ಹುಡುಗಿಯರ ಮುಂದೆ ಒಬ್ಬ ಹೆಡ್‌ಮೇಡಂನ ಮಾನ ಹೋಗುತ್ತದೆ, ಸಂಜೆಯೊಳಗೆ ಊರು ತುಂಬ ಸುದ್ದಿ. ಹೇಳದಿದ್ದರೆ ಆರು ತಿಂಗಳು. ಆರು ತಿಂಗಳಲ್ಲಿ ಆ ಬೀಜ ಏನೇನಾಗುತ್ತದೆ ಎಂದು ಅವಳು ಸ್ವಂತ ಮನೆಯಲ್ಲಿ ನೋಡಿದ್ದಳು.

"ಸಿತ್," ಎಂದಳು, "ನಿಮ್ಮನೆ ಆಡು ಹೇಗಿದೆ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಸಿತ್ ಅಲವಿಯಾರಿಗೆ ಆಯಿತು. ಬಾಯಿ ಮುಚ್ಚಿ, ಕುರ್ಚಿಯಿಂದಿಳಿದು, ಥೋಬಿನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಟುಹೋದರು, ಕೆಳಗಿನ ಹಲ್ಲು ಫಳಫಳ, ಮೇಲಿನವು ಬಂದ ಹಾಗೇ. ಬತೂಲ್ ಕಾರ್ಡಿನ ಮೇಲೆ ಕೆನ್ನೆ ಬರೆದು ಕೆಂಪು ಗುರುತು ಹಾಕಿದಳು. ‘ತುಂಬಾಕ್: ಇಲ್ಲ’ ಎಂಬುದನ್ನು ಹೊಡೆದುಹಾಕಿ ‘ಕೇಳಿಲ್ಲ’ ಎಂದು ಬರೆದಳು. ರೋಗಿಯನ್ನು ಓಡಿಸಿದ್ದಕ್ಕೆ ನಾಲ್ಕನೆಯ ಪತ್ರ ಬರುತ್ತದೆ ಎಂದರು ಡಾಕ್ಟರು. ಮೇಜು ಈಗ ಸರಿಯಾಗಿದೆ, ಬೇಕಾಗಿಲ್ಲ ಎಂದಳು ಬತೂಲ್.

ಗುರುವಾರ ಸಂಜೆ ಅವಳು ಹಳೆಯ ದಾರಿಯಲ್ಲೇ ನಡೆದು ಏಳನೆಯ ಮನೆಯ ಹೆಂಗಸರ ಬಾಗಿಲು ತಟ್ಟಿದಳು. ಬಾಗಿಲು ತೆಗೆದವರು ಸಿತ್ ಅಲವಿಯಾ. ಅಂಗಳದ ತುಂಬ ಮದುವೆಯ ಸಾಮಾನು, ಒಳಗೆ ಹೆಂಗಸರು ಗಂಧದ ಪುಡಿ ಅರೆಯುತ್ತಿದ್ದ ಸದ್ದು. ಬೈದು ಕಳಿಸುತ್ತಾರೆಂದು ಬತೂಲ್ ಎಣಿಸಿದ್ದಳು. ಅವರು ಮೂಲೆಯಲ್ಲಿ ಹಗ್ಗದ ಮಂಚದ ಮೇಲೆ ಕೂರಿಸಿ ಶುಂಠಿ ಕಾಫಿ ಕೊಟ್ಟರು. ಬೈಯುವುದಕ್ಕೂ ಮೊದಲು ಕಾಫಿ ಕೊಡಬೇಕಾದ್ದು ಅಲ್ಲಿನ ರೀತಿ.

"ಸೇಡು ತೀರಿಸ್ಕೊಳ್ಳೋಕೆ ಬಂದ್ಯಾ?" ಎಂದರು.

"ಸೇಡಾಗಿದ್ರೆ ಬರೋದೇ ಬೇಕಿರಲಿಲ್ಲ ಸಿತ್. ಸುಮ್ನಿದ್ದಿದ್ರೆ ಸಾಕಿತ್ತು."

ಸಿತ್ ಅಲವಿಯಾ ಕಾಫಿಯ ಬಟ್ಟಲನ್ನು ಕೆಳಗಿಟ್ಟರು. ಬತೂಲ್ ತನ್ನ ಅಮ್ಮನ ಕಥೆಯನ್ನು ಹೇಳಿದಳು. ಹಲ್ಲು ಕಿತ್ತದ್ದು, ಕೆನ್ನೆ ತೂತಾಗಿ ಕುಡಿದ ನೀರು ಹೊರಗೆ ಬರುತ್ತಿದ್ದದ್ದು, ಒಂದನ್ನೂ ಬಿಡಲಿಲ್ಲ. ಅವರು ಕೇಳಿದರು, ಶಾಲೆಯಲ್ಲಿ ತಪ್ಪು ಲೆಕ್ಕ ಕೇಳುವಾಗಿನ ಮುಖ ಮಾಡಿಕೊಂಡು. ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದರು. ಆಮೇಲೆ ರಮದಾನ್, ಅದರಾಚೆ ಹಬ್ಬ, ಹಬ್ಬದ ಬೆನ್ನಿಗೆ ಬಾಣಂತನ, ಊರಿನ ಹೆಂಗಸರ ‘ಆಮೇಲೆ’ ಎಷ್ಟು ಉದ್ದ ಎಂದು ತನಗೆ ಗೊತ್ತು ಎಂದಳು ಬತೂಲ್.

"ನನ್ನ ಕೈಕೆಳಗೆ ಎರಡು ಸಾವಿರ ಹುಡುಗೀರು ಓದಿದಾರೆ ಕಣೇ. ಅವರ ಹಲ್ಲು ನೋಡಿ ಬೈದವಳು ನಾನು. ಈಗ ಆ ಕಾರ್ಡಿನ ಮೇಲೆ ನನ್ನ ಹೆಸರಿನ ಕೆಳಗೆ ಅದನ್ನ ಬರೆಸಲಾ?"

"ಬರೆಸಿ. ನನ್ನ ಹೆಸರಿನ ಕೆಳಗೆ ಮೂರು ವರ್ಷ ಅದೇ ಇತ್ತಲ್ಲ. ನಾನೇನು ಸತ್ತೆನಾ?"

ಬತೂಲ್ ಎದ್ದು ನಿಂತಳು. ಸೋಮವಾರ ಹನ್ನೊಂದು ಗಂಟೆಗೆ ಕುರ್ಚಿ ಖಾಲಿ ಇಟ್ಟಿರುತ್ತೇನೆ, ನೀವು ಬರುವವರೆಗೂ ಅದರಲ್ಲಿ ಇನ್ನೊಬ್ಬರನ್ನು ಕೂರಿಸುವುದಿಲ್ಲ ಎಂದು ಹೇಳಿ, ಬಂದ ಬಾಗಿಲಿನಿಂದಲೇ ಹೊರಟಳು.

ಸೋಮವಾರ ಹನ್ನೊಂದಾಯಿತು. ಬತೂಲ್ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು. ಹೊರಗೆ ಬೆಂಚಿನ ಮೇಲೆ ಒಂಬತ್ತು ಜನ. ಹನ್ನೊಂದೂಕಾಲಿಗೆ, ತುಟಿ ಉಬ್ಬಿಸಿಕೊಂಡಿದ್ದ ಗೂಡ್ಸ್ ಗಾರ್ಡೊಬ್ಬ ಒಳಗೆ ಇಣುಕಿ, ಖಾಲಿ ಕುರ್ಚಿಗೆ ಯಾವ ಹಲ್ಲು ನೋಯುತ್ತಿದೆ ಎಂದು ವಿಚಾರಿಸಿದ. ಹುಡುಗಿಯರಲ್ಲಿ ಬಾಯಾಳಿಯಾದ ರಿಹಾಬ್ ಕಿಸಕ್ಕೆಂದಳು. ಹನ್ನೊಂದೂವರೆಗೆ ಡಾಕ್ಟರು ಬಂದು ರೋಗಿಯನ್ನು ಕೂರಿಸಿ ಎಂದರು. ಆಗುವುದಿಲ್ಲ ಎಂದಳು ಬತೂಲ್. ಇದು ಮುಷ್ಕರವೋ ಎಂದು ಡಾಕ್ಟರು ಕೇಳಿದರು. ಅಪ್ಪ ಮಾಡಿದ್ದ, ತನಗೂ ಬರುತ್ತದೆ ಎಂದಳು. ಡಾಕ್ಟರು ಕಚೇರಿಗೆ ದೂರು ಬರೆಯಲು ಜೇಬಿನಿಂದ ಪೆನ್ನು ತೆಗೆದರು. ಅವರು ಕೆಟ್ಟವರಲ್ಲ, ಆ ಪೆನ್ನು ತೆಗೆಯುವಾಗ ಅವರ ಮುಖದಲ್ಲಿ ಸಂಕಟವಿತ್ತು, ಆದರೂ ತೆಗೆದರು.

ಅಷ್ಟರಲ್ಲಿ ಹನ್ನೊಂದು ಹುಡುಗಿಯರೂ ತಟ್ಟನೆ ಸೆಟೆದು ನಿಂತರು. ಯಾರೂ ಹೇಳಿರಲಿಲ್ಲ. ಸಿತ್ ಅಲವಿಯಾ ಎದುರು ಬಾಗಿಲಿನಿಂದ ಬರುತ್ತಿದ್ದರು, ಪ್ರಾರ್ಥನೆಯ ಸಾಲಿನ ಮುಂದೆ ಬರುವಂತೆ. ಅವರು ನೇರ ಕುರ್ಚಿಗೆ ಹೋಗಿ ಕೂತು, ಡಾಕ್ಟರ ಕೈಯಲ್ಲಿದ್ದ ಪೆನ್ನು ನೋಡಿದರು.

"ಪೆನ್ನು ತೆಗೆದಿದ್ದೀರಿ, ಒಳ್ಳೇದಾಯ್ತು. ಬರ್ಕೊಳ್ಳಿ. ತುಂಬಾಕ್, ನಲವತ್ತಾರು ವರ್ಷ. ಬಲಗಡೆ, ಮೇಲೆ, ಕೊನೇ ಹಲ್ಲಿನ ಹಿಂದೆ. ದಿನಕ್ಕೆ ಆರು ಸಲ, ಪರೀಕ್ಷೆ ಪೇಪರು ತಿದ್ದೋ ದಿನ ಹತ್ತು."

ಡಾಕ್ಟರು ಬರೆಯಲಿಲ್ಲ. ಸಿತ್, ನನಗೆ ಗೊತ್ತಿರಲಿಲ್ಲ, ಎಂದು ತೊದಲಿದರು.

"ಹೇಗೆ ಗೊತ್ತಾಗ್ಬೇಕು? ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಇಬ್ರೂ ಮರ್ಯಾದಸ್ಥರು. ನನಗೆ ಮರ್ಯಾದೆಯಿಂದ ಸಾಯೋಕೆ ಇಷ್ಟ ಇಲ್ಲ, ಡಾಕ್ಟರೇ. ಕತ್ತರಿ ತಗೊಳ್ಳಿ." ಆಮೇಲೆ ಹುಡುಗಿಯರ ಕಡೆ ತಿರುಗಿದರು. "ನೀವ್ಯಾಕೆ ಅಲ್ಲಿ ಗೊಂಬೆಗಳ ಹಾಗೆ ನಿಂತಿದ್ದೀರಿ? ಬನ್ನಿ, ಒಬ್ಬೊಬ್ಬರಾಗಿ ಬೆರಳು ಹಾಕಿ ನೋಡಿ. ಉಗುರು ಕತ್ತರಿಸಿದ್ದೀರಿ ತಾನೇ?"

ಹನ್ನೊಂದು ಹುಡುಗಿಯರು ಒಬ್ಬೊಬ್ಬರಾಗಿ ಗ್ಲೌಸು ಹಾಕಿಕೊಂಡು ಆ ಸಂದಿಯನ್ನು ಮುಟ್ಟಿದರು. ಗಟ್ಟಿ ಅಂಚು ಎಂದು ಪುಸ್ತಕದಲ್ಲಿ ಓದಿದ್ದು ಬೆರಳಿಗೆ ಸಿಕ್ಕಾಗ ರಿಹಾಬ್‌ಳ ನಗು ಎಲ್ಲಿಗೋ ಹೋಯಿತು. ಹನ್ನೆರಡನೆಯವರಾಗಿ ಡಾಕ್ಟರ್ ಬಾಬಿಕರ್ ಮುಟ್ಟಿದರು, ಬಹಳ ಹೊತ್ತು. ಆಮೇಲೆ ಸೂಜಿ ಕೇಳಿದರು, ಚೂರು ತೆಗೆದು ಹೊಲಿಗೆ ಹಾಕಿದರು, ಚೀಟಿಗೆ ಸಹಿ ಮಾಡಿದರು. ಔಷಧದ ನೀರಿನ ಸೀಸೆಯಲ್ಲಿ ಆ ಚೂರು ಮಧ್ಯಾಹ್ನದ ರೈಲಿಗೆ ಖಾರ್ತೂಮಿಗೆ ಹೋಯಿತು. ಸೀಸೆಯನ್ನು ಗೂಡ್ಸ್ ಗಾರ್ಡ್ ತಾನೇ ಸ್ಟೇಷನ್ನಿಗೆ ಒಯ್ದುಕೊಟ್ಟ. ಹೋಗುವ ಮುಂಚೆ ಹಿತ್ತಲಿಗೆ ಹೋಗಿ ಬಾಯಲ್ಲಿದ್ದುದನ್ನು ಉಗಿದು ಬಂದ.

ಹನ್ನೆರಡು ದಿನಕ್ಕೆ ಉತ್ತರ ಬಂತು. ಅದು ಕ್ಯಾನ್ಸರೇ, ಆದರೆ ಎಲುಬಿಗೆ ಇನ್ನೂ ಇಳಿದಿರಲಿಲ್ಲ. ಸಿತ್ ಅಲವಿಯಾ ಮೊಮ್ಮಗಳ ಮದುವೆಯಲ್ಲಿ ಬಾಯಲ್ಲಿ ಹೊಲಿಗೆ ಹಾಕಿಸಿಕೊಂಡೇ ಓಡಾಡಿದರು. ಹೆಣ್ಣಿನ ಅಜ್ಜಿ ನಗಲೇ ಇಲ್ಲ, ಸೊಕ್ಕು ಎಂದು ಬೀಗರ ಕಡೆಯವರು ಆಡಿಕೊಂಡರಂತೆ. ಅದಾದ ವಾರಕ್ಕೆ ಖಾರ್ತೂಮಿನಲ್ಲಿ ಕೆನ್ನೆಯ ಒಳಗಿನ ಒಂದು ತುಂಡು, ಮುನ್ನೆಚ್ಚರಿಕೆಗೆಂದು ಮೇಲಿನ ದವಡೆಯ ಒಂದು ಚೂರು, ಮೂರು ಹಲ್ಲು ಹೋದವು. ಬಾಯಿ ಈಗ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತದೆ, ಮುಖ ಬಲಕ್ಕೆ ಸ್ವಲ್ಪ ಎಳೆದಿದೆ. ಕಿಸ್ರಾ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಯೇ ತಿನ್ನಬೇಕು. ಊರಿನಲ್ಲಿ ಮಾತು ಆಯಿತು, ಆಗಬೇಕಾದಷ್ಟೂ ಆಯಿತು. ಅದರ ಜೊತೆಗೆ ಇನ್ನೊಂದೂ ಆಯಿತು: ಆ ಚಳಿಗಾಲದಲ್ಲಿ ಬತೂಲ್‌ಳ ಬೆಂಚಿನ ಮೇಲೆ ವಯಸ್ಸಾದ ಹೆಂಗಸರ ಸಂಖ್ಯೆ ಹೆಚ್ಚಿತು. ಹಲ್ಲು ಶುಚಿ ಮಾಡಿಸಲು, ಎನ್ನುತ್ತಿದ್ದರು.

ಮುಂದಿನ ವರ್ಷದಿಂದ ಸಿತ್ ಅಲವಿಯಾ ಸೋಮವಾರದ ಪಾಠಕ್ಕೆ ಬಂದು ಕೂರತೊಡಗಿದರು. ಯಾರೂ ಕರೆದಿರಲಿಲ್ಲ. ರಿಹಾಬ್ ಅವರಿಗಾಗಿ ಮುಂದೆ ಕುರ್ಚಿ ಹಾಕಿದರೆ, ಅದನ್ನು ಎತ್ತಿ ಹಿಂದಿನ ಗೋಡೆಯ ಪಕ್ಕ ಹಾಕಿಸಿಕೊಂಡರು. ಹಿಂದಿನಿಂದ ಚೆನ್ನಾಗಿ ಕಾಣುತ್ತದೆ ಎಂದರು. ಬತೂಲ್ ಕೇಳಿಸಿಕೊಂಡಳು, ಪಾಠ ಶುರು ಮಾಡಿದಳು. ಇಬ್ಬರ ನಡುವೆ ಕ್ಷಮೆಯ ವ್ಯವಹಾರ ಅಷ್ಟರಲ್ಲೇ ಮುಗಿಯಿತು.

ಹೊಸ ಹುಡುಗಿಯರಿಗೆ ಆ ಪ್ರಶ್ನೆ ಕೇಳುವುದಕ್ಕೆ ನಾಚಿಕೆ. ಮುದುಕಿಯರ ಮುಂದೆ ನಿಂತು, ಅತ್ತೆ, ಮನೆಯಲ್ಲಿ ಕಾವಲುಗಾರ ಇದ್ದಾನಾ, ಆಡು ಇದೆಯಾ ಎಂದು ಸುತ್ತಿ ಬಳಸುವರು. ಹಿಂದಿನ ಗೋಡೆಯಿಂದ ಕೋಲು ನೆಲಕ್ಕೆ ಬಡಿದ ಸದ್ದಾಗುವುದು.

"ಆಡು ಗೀಡು ಬೇಡ. ನಲವತ್ತು ವರ್ಷ ಆಡು ಸಾಕಿ ನನ್ನ ಕೆನ್ನೆ ಮೇಯ್ತು ಅದು. ನೇರವಾಗಿ ಕೇಳು. ಇನ್ನೊಂದ್ಸಲ."

ಹುಡುಗಿ ಇನ್ನೊಂದು ಸಲ ಕೇಳುವಳು. ಮುದುಕಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹಿಂದೆ ಕೂತ ಓರೆ ಮುಖವನ್ನು ಒಮ್ಮೆ ನೋಡಿ, ನಿಧಾನವಾಗಿ ಸೆರಗು ಇಳಿಸುವಳು.

ನಾಲ್ಕನೆಯ ಪತ್ರ ಬಂದೇ ಬಂತು. ಡಾಕ್ಟರು ಬರೆದದ್ದಲ್ಲ, ಅವರು ಆ ದಿನದ ನಂತರ ತಾವೇ ಒಂದು ಕೆಂಪು ಪೆನ್ಸಿಲು ಇಟ್ಟುಕೊಂಡಿದ್ದರು. ಮೇಲಿನ ಕಚೇರಿ ತಾನಾಗಿ ಕಳಿಸಿದ್ದು: ಕಾರ್ಡುಗಳ ಮೇಲೆ ಅಧಿಕಾರವಿಲ್ಲದೆ ಚಿತ್ರ ಬಿಡಿಸಿ ಸರ್ಕಾರಿ ಮುದ್ರಣವನ್ನು ವಿರೂಪಗೊಳಿಸಿದ ಬಗ್ಗೆ. ಬತೂಲ್ ಅದನ್ನು ಮಡಿಚಿ ಮೇಜಿನ ಕಾಲಿನ ಕಡೆ ಬಗ್ಗಿದಾಗ ಸಿತ್ ಅಲವಿಯಾ ಕೈ ಚಾಚಿ ಇಸಿದುಕೊಂಡರು. ಕನ್ನಡಕ ಏರಿಸಿ ಓದಿದರು. ಅವಳ ಕಿಸೆಯಿಂದ ಕೆಂಪು ಪೆನ್ಸಿಲು ಎಳೆದು ಎರಡು ಕಾಗುಣಿತ ತಿದ್ದಿದರು, ಒಂದು ಇಡೀ ವಾಕ್ಯದ ಕೆಳಗೆ ಗೆರೆ ಎಳೆದರು, ಅಂಚಿನಲ್ಲಿ ಒಂದು ಕೆನ್ನೆ ಬರೆದರು. ಕೊನೆಗೆ ಸಹಿಯ ಪಕ್ಕದಲ್ಲಿ ಹತ್ತಕ್ಕೆ ಮೂರು ಅಂಕ ಕೊಟ್ಟು, ಅದೇ ಲಕೋಟೆಯಲ್ಲಿ ಹಾಕಿ ವಾಪಸು ಕಳಿಸಿದರು.